ಯಾತ್ರೆಯ ಹಂಬಲ

(ಸಂಘದ ಮಾಸಿಕ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನನ್ನು ಕರೆದು ಯಾತ್ರೆಯ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನನಗೆ ನಗು ಬಂದಿತು. ನಾನು ಓದಿದ್ದು ಬಿ.ಕಾಂ. ಪುರಾಣ ಬಲ್ಲವನಲ್ಲ; ಶಾಸ್ತ್ರವಂತೂ ಮೊದಲೇ ಇಲ್ಲ. ಬೆಳಿಗ್ಗೆ ಹತ್ತರಿಂದ ಪರರ ಹಣವನ್ನು ಎಣಿಸಿ, ಸಂಜೆಗೆ ಒಂದು ರೂಪಾಯಿಯೂ ಹೆಚ್ಚುಕಡಿಮೆಯಾಗದಂತೆ ಲೆಕ್ಕ ಹೊಂದಿಸಿ ಮನೆಗೆ ಹೋಗುವವನು. ಆದರೆ ಈ ಎಣಿಕೆಯ ಅಭ್ಯಾಸವೇ ನನ್ನ ಕೈಯಿಂದ ಒಂದು ತಪ್ಪನ್ನು ಮಾಡಿಸಿತು. ಅದನ್ನು ತಮ್ಮೆದುರು ಒಪ್ಪಿಕೊಳ್ಳುವುದೇ ಈ ಭಾಷಣದ ಉದ್ದೇಶವೆಂದು ತಿಳಿದು ತಾವು ಸಹಿಸಿಕೊಳ್ಳಬೇಕು.

ಮನುಷ್ಯನಿಗೆ ಮನೆ ಕಟ್ಟಿಕೊಳ್ಳುವ ಆಸೆ ಎಷ್ಟು ಹಳೆಯದೋ, ಕಟ್ಟಿದ ಮನೆಯನ್ನು ಬಿಟ್ಟು ಹೊರಡುವ ಆಸೆಯೂ ಅಷ್ಟೇ ಹಳೆಯದೆಂದು ತೋರುತ್ತದೆ. ಮುಸಲ್ಮಾನ ಬಂಧುಗಳಿಗೆ ಮಕ್ಕಾ ಇದೆ. ಯುರೋಪಿನ ಕ್ರೈಸ್ತರು ಸ್ಪೇನ್ ದೇಶದ ಸಾಂತಿಯಾಗೋ ಎಂಬ ಊರಿಗೆ ಇಂದಿಗೂ ವಾರಗಟ್ಟಲೆ ನಡೆದು ಹೋಗುತ್ತಾರೆ. ಜಪಾನಿನ ಶಿಕೋಕು ದ್ವೀಪದಲ್ಲಿ 88 ದೇವಾಲಯಗಳನ್ನು ಸುತ್ತುವ ಬೌದ್ಧ ಯಾತ್ರೆಯೊಂದುಂಟು. ಪೂರ್ತಿ ನಡೆದರೆ ಸುಮಾರು 1200 ಕಿಲೋಮೀಟರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಂದ ಯುಗಾದಿಯ ಮುಂಚೆ, ನೆಲ ಕಾದು ಕೆಂಡವಾಗಿರುವ ದಿನಗಳಲ್ಲಿ, ಮಲ್ಲಯ್ಯನನ್ನು ನೆನೆಯುತ್ತ ಜನ ಶ್ರೀಶೈಲಕ್ಕೆ ನಡೆಯುತ್ತಾರೆ. ರೈಲು ಬಂತು, ಬಸ್ಸು ಬಂತು, ವಿಮಾನವೂ ಬಂತು. ಆದರೂ ಈ ನಡಿಗೆ ನಿಲ್ಲಲಿಲ್ಲ. ದೇವರನ್ನು ಕಾಣುವುದೇ ಉದ್ದೇಶವಾಗಿದ್ದರೆ, ಬೇಗ ಮುಟ್ಟಿಸುವ ವಾಹನ ಬಂದಾಗಲೇ ಕಾಲ್ನಡಿಗೆ ನಿಲ್ಲಬೇಕಾಗಿತ್ತು. ಏಕೆ ನಿಲ್ಲಲಿಲ್ಲ?

ಪುಣೆಯಲ್ಲಿರುವ ನಾವು ಇದಕ್ಕೆ ಉತ್ತರವನ್ನು ಪುಸ್ತಕದಲ್ಲಿ ಹುಡುಕಬೇಕಾದ ಕಾರಣವಿಲ್ಲ. ವರ್ಷಕ್ಕೊಮ್ಮೆ ಅದು ನಮ್ಮ ಬಾಗಿಲ ಮುಂದೆಯೇ ಹಾದು ಹೋಗುತ್ತದೆ. ಆಳಂದಿಯಿಂದ ಜ್ಞಾನೇಶ್ವರರ ಪಾದುಕೆಗಳೂ ದೇಹುವಿನಿಂದ ತುಕಾರಾಮರ ಪಾದುಕೆಗಳೂ ಪಲ್ಲಕ್ಕಿಯಲ್ಲಿ ಹೊರಟು, ಪುಣೆಯಲ್ಲಿ ಎರಡು ರಾತ್ರಿ ತಂಗುತ್ತವೆ. ಹಡಪಸರದ ತನಕ ದಾರಿ ಒಂದೇ. ಅಲ್ಲಿಂದ ಜ್ಞಾನೇಶ್ವರರ ಪಲ್ಲಕ್ಕಿ ದಿವೆ ಘಾಟವನ್ನೇರಿ ಸಾಸವಡ, ಜೇಜುರಿಯ ಕಡೆಗೆ ತಿರುಗುತ್ತದೆ. ತುಕಾರಾಮರದು ಲೋಣಿಯ ದಾರಿ ಹಿಡಿಯುತ್ತದೆ. ಆಷಾಢ ಶುದ್ಧ ಏಕಾದಶಿಯ ಹೊತ್ತಿಗೆ ಎರಡೂ ಪಂಢರಪುರದಲ್ಲಿ. ಸುಮಾರು 250 ಕಿಲೋಮೀಟರು, ಹೆಚ್ಚುಕಡಿಮೆ ಮೂರು ವಾರ. ಲಕ್ಷಗಟ್ಟಲೆ ಜನ ದಿಂಡಿ ದಿಂಡಿಯಾಗಿ ನಡೆಯುತ್ತಾರೆ. ಕೈಯಲ್ಲಿ ತಾಳ, ಹೆಗಲ ಮೇಲೆ ಕಾವಿ ಪತಾಕೆ, ಹೆಂಗಸರ ತಲೆಯ ಮೇಲೆ ತುಳಸಿ ಕಟ್ಟೆ. ಇದಕ್ಕೆ ವಾರಿ ಎಂದು ಹೆಸರು, ನಡೆಯುವವರು ವಾರಕರಿಗಳು.

ಇದು ಮರಾಠಿಗರ ಯಾತ್ರೆ, ನಮಗೇನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವುಂಟು. ಪುರಂದರದಾಸರಿಂದ ಹಿಡಿದು ವಿಜಯದಾಸರವರೆಗೆ ನಮ್ಮ ಹರಿದಾಸರ ಅಂಕಿತಗಳಲ್ಲಿ ವಿಠಲನೇ ನಿಂತಿದ್ದಾನೆ. ಹಂಪೆಯಲ್ಲಿ ಅವನಿಗೊಂದು ಭವ್ಯ ಮಂದಿರವಿದೆ. ಜ್ಞಾನೇಶ್ವರರ ಹೆಸರಿನ ಅಭಂಗವೊಂದರಲ್ಲಿ ವಿಠಲನನ್ನು ಕನ್ನಡದವನೆಂದು ಕರೆದ ಮಾತೂ ಉಂಟು. ಹಾಗೆಂದು, ಬ್ಯಾಂಕಿನಲ್ಲಿ ಖಾತೆ ತೆರೆಯುವವರನ್ನು ಕೇಳಿದಂತೆ, ವಿಠಲನನ್ನೂ ವಿಳಾಸದ ಪುರಾವೆ ಕೇಳುವ ಉದ್ದೇಶ ನನಗಿಲ್ಲ. ಅವನು ಇಬ್ಬರವನೂ ಹೌದು. ಜ್ಞಾನೇಶ್ವರರ ಪಲ್ಲಕ್ಕಿಗೆ ಇಂದಿನ ಶಿಸ್ತಿನ ರೂಪ ಕೊಟ್ಟವರು 19ನೆಯ ಶತಮಾನದ ಹೈಬತಬಾಬಾ. ಅವರಿಗೆ ನೆರವಾದವರು ಅಂಕಲಿಯ ಶಿತೋಳೆ ಸರದಾರರು. ಅಂಕಲಿ ಎಂದರೆ ನಮ್ಮ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಊರು. ಇಂದಿಗೂ ಪ್ರತಿವರ್ಷ ಅಂಕಲಿಯಿಂದ ಎರಡು ಕುದುರೆಗಳು ಆಳಂದಿಗೆ ನಡೆದು ಬರುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ; ಇನ್ನೊಂದರ ಬೆನ್ನು ಬರಿದು. ಅದು ಜ್ಞಾನೇಶ್ವರರ ಕುದುರೆ, ಅದರ ಮೇಲೆ ಅವರೇ ಕುಳಿತಿರುವರೆಂದು ಜನರ ಭಾವನೆ.

ಇನ್ನೊಂದು ಸಂಬಂಧ ನೀರಿನದು. ಪುಣೆಯ ಮುಳಾ-ಮುಠಾ ನದಿಯೂ ಆಳಂದಿಯ ಇಂದ್ರಾಯಣಿಯೂ ಭೀಮೆಯನ್ನು ಸೇರುತ್ತವೆ. ಭೀಮೆ ಪಂಢರಪುರದಲ್ಲಿ ಅರ್ಧಚಂದ್ರದಂತೆ ಬಾಗಿ ಚಂದ್ರಭಾಗೆಯೆನಿಸಿಕೊಂಡು, ಮುಂದೆ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಅಂಚನ್ನು ತಾಗಿ, ಗಾಣಗಾಪುರವನ್ನು ಹಾದು, ಕೊನೆಗೆ ಕೃಷ್ಣೆಯಲ್ಲಿ ಬೆರೆಯುತ್ತದೆ. ನಾನು ಇಂಡಿ ತಾಲೂಕಿನವನು. ಇಲ್ಲಿಯ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದಾಗಲೆಲ್ಲ, ಈ ನೀರು ಪಂಢರಪುರವನ್ನು ಕಂಡು ನಮ್ಮೂರ ಕಡೆಗೆ ಹೋಗುತ್ತದಲ್ಲ ಎಂದು ಅನ್ನಿಸುವುದುಂಟು. ಪರಸ್ಥಳದಲ್ಲಿರುವ ನಮಗೆಲ್ಲ ಇಂಥ ಹುಚ್ಚು ಯೋಚನೆಗಳು ಬರುವುದು ಸಹಜವೇ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಅಪ್ಪ ಪ್ರತಿ ಆಷಾಢದಲ್ಲಿ ಊರಿನ ದಿಂಡಿಯೊಡನೆ ಪಂಢರಪುರಕ್ಕೆ ನಡೆದು ಹೋಗುತ್ತಿದ್ದ. ನಮ್ಮ ಕಡೆಯಿಂದ ನಾಲ್ಕಾರು ದಿನದ ದಾರಿ. ಹೊರಡುವ ಹಿಂದಿನ ರಾತ್ರಿ ಅವ್ವ ಕುಳಿತು ಜೋಳದ ಖಡಕ್ ರೊಟ್ಟಿಗಳನ್ನು ಅರಿವೆಯಲ್ಲಿ ಸುತ್ತಿ, ಜೊತೆಗೆ ಶೇಂಗಾ ಹಿಂಡಿಯ ಗಂಟಿಟ್ಟು ಬುತ್ತಿ ಕಟ್ಟುವಳು. ಬೆಳಗಿನ ಜಾವ ಊರ ಅಗಸಿಯವರೆಗೆ ಹೋಗಿ ಕಳಿಸಿ ಬರುವಳು. ತಾನು ಮಾತ್ರ ಒಮ್ಮೆಯೂ ಹೋಗಲಿಲ್ಲ. ಎಮ್ಮೆಯ ಹಾಲು ಹಿಂಡುವವರು ಯಾರು? ನಮಗೆ ಬೇಯಿಸಿ ಹಾಕುವವರು ಯಾರು? ಮಳೆ ಬಿದ್ದರೆ ಹೊಲದ ಕಡೆ ನೋಡುವವರು ಯಾರು? ಈ ಪ್ರಶ್ನೆಗಳನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೇ ಇಲ್ಲವೆಂಬಂತೆ ಎಲ್ಲರೂ ಇದ್ದೆವು. ಅಪ್ಪ ಮರಳಿ ಬಂದಾಗ ಚುರುಮುರಿಯ ಪ್ರಸಾದ, ಬುಕ್ಕದ ಪುಡಿ ತರುತ್ತಿದ್ದ. ಅವ್ವ ಬುಕ್ಕವನ್ನು ಹಣೆಗೆ ಹಚ್ಚಿಕೊಂಡು, ದಾರಿಯಲ್ಲಿ ಎಲ್ಲಿ ಮಲಗಿದಿರಿ, ಯಾರ ಮನೆಯಲ್ಲಿ ಉಂಡಿರಿ, ಮಳೆ ಎಲ್ಲಿ ಹಿಡಿಯಿತು ಎಂದು ಬಿಡದೆ ಕೇಳುವಳು. ದೇವರ ಅಲಂಕಾರ ಹೇಗಿತ್ತೆಂದು ಕೇಳಿದ್ದು ನನಗೆ ನೆನಪಿಲ್ಲ.

ಅಪ್ಪ 2015ರಲ್ಲಿ ತೀರಿಕೊಂಡ. ಮರುವರ್ಷ ಅವ್ವ ಹಡಪಸರದ ನಮ್ಮ ಮನೆಗೆ ಬಂದಳು. ಪಲ್ಲಕ್ಕಿ ಹಾದುಹೋಗುವಾಗ ರಸ್ತೆಯ ಬದಿಗೆ ನಿಂತು ನೋಡಿದವಳು, ಮನೆಗೆ ಬಂದು, “ತಮ್ಮಾ, ಬರೂ ವರ್ಷ ನಾನೂ ನಡೀತೀನಿ” ಎಂದಳು. “ನೋಡೂಣವ್ವಾ” ಎಂದೆ. ತಾವು ಬಲ್ಲಿರಿ, “ನೋಡೋಣ” ಎಂಬುದು ನೌಕರಿಯವರ ಬಾಯಲ್ಲಿ “ಇಲ್ಲ” ಎಂಬುದರ ಸಭ್ಯ ರೂಪ. ಜೂನಿನಲ್ಲಿ ಮಕ್ಕಳ ಶಾಲೆ ಆರಂಭವಾಗುತ್ತದೆ; ಶಾಖೆಯಲ್ಲಿ ಜನ ಕಡಿಮೆ; ವಯಸ್ಸಾದ ಹೆಂಗಸನ್ನು ಮಳೆಯಲ್ಲಿ ಬೀದಿಯಲ್ಲಿ ಮಲಗಲು ಬಿಡುವುದು ಹೇಗೆ? ಕಾರಣಗಳೇನೋ ಸರಿಯಾಗಿಯೇ ಇದ್ದವು. ಎರಡು ವರ್ಷ ಹಾಗೆಯೇ ಕಳೆದವು.

2018ರ ಚಳಿಗಾಲದಲ್ಲಿ ನನಗೊಂದು ಉಪಾಯ ಹೊಳೆಯಿತು. ಒಂದು ಭಾನುವಾರ ಬಾಡಿಗೆ ಕಾರು ಮಾಡಿ ನಸುಕಿನಲ್ಲಿ ಅವ್ವನನ್ನು ಕರೆದುಕೊಂಡು ಹೊರಟೆ. ಸಾಲಿನಲ್ಲಿ ನಿಂತು ದರ್ಶನವಾಯಿತು. ವಿಠಲನ ಪಾದಕ್ಕೆ ತಲೆ ಮುಟ್ಟಿಸಿದಳು. ರಾತ್ರಿ ಹತ್ತರೊಳಗೆ ಮನೆ ಸೇರಿದೆವು. ಒಂದು ಬಾಕಿ ಚುಕ್ತಾ ಆಯಿತೆಂದು ನನಗೆ ನೆಮ್ಮದಿ. ಅವ್ವ ಏನೂ ಹೇಳಲಿಲ್ಲ. ನಾಲ್ಕು ದಿನ ಬಿಟ್ಟು, ಸೊಪ್ಪು ಸೋಸುತ್ತ ಕುಳಿತವಳು, ನನ್ನ ಮುಖ ನೋಡದೆ ಹೇಳಿದಳು: “ದರ್ಶನ ಆತು ಖರೆ, ತಮ್ಮಾ. ಆದರ ಹ್ವಾದಂಗ ಆಗಲಿಲ್ಲ.”

ನಾನು ಎಷ್ಟೋ ಜನರ ಖಾತೆಗಳನ್ನು ನೋಡಿದವನು. ಈ ಖಾತೆಯಲ್ಲಿ ಏನು ಬಾಕಿಯಿತ್ತೆಂಬುದು ನನಗೆ ಆಗ ತಿಳಿಯಲಿಲ್ಲ. ಆಕೆ ಬೇಡಿದ್ದು ಹೋಗುವುದನ್ನು. ನಾನು ಕೊಟ್ಟದ್ದು ಮುಟ್ಟುವುದನ್ನು.

2019ರಲ್ಲಿ, ಬರುವ ವರ್ಷ ಖಂಡಿತ ಎಂದು ಮಾತು ಕೊಟ್ಟೆ. ಬರುವ ವರ್ಷ ಬಂದದ್ದು ಯಾವುದೆಂಬುದು ತಮಗೆಲ್ಲ ನೆನಪಿದೆ. 2020ರಲ್ಲಿ, ಮತ್ತೆ 2021ರಲ್ಲಿ, ಕೊರೋನಾ ಕಾರಣದಿಂದ ವಾರಿಯ ನಡಿಗೆಯೇ ನಿಂತುಹೋಗಿ, ಸಂತರ ಪಾದುಕೆಗಳು ಸರ್ಕಾರಿ ಬಸ್ಸಿನಲ್ಲಿ ಪಂಢರಪುರಕ್ಕೆ ಹೋದವು. ಆ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡಿದ ಅವ್ವ, “ಪಾಪ, ಅವರೂ ನನ್ನಂಗ ಗಾಡಿಯೊಳಗ ಹ್ವಾದರು” ಎಂದಳು. 2022ರಲ್ಲಿ ನಡಿಗೆ ಮರಳಿ ಆರಂಭವಾಯಿತು. ಅಷ್ಟರಲ್ಲಿ ಅವ್ವನ ಎರಡೂ ಮೊಣಕಾಲುಗಳು ಸೋತಿದ್ದವು.

ಆ ವರ್ಷ ನಾನು ಒಂದು ದಿನದ ರಜೆ ಹಾಕಿ ಹಡಪಸರದಿಂದ ಸಾಸವಡದವರೆಗೆ ನಡೆದೆ. ಇಪ್ಪತ್ತು ಕಿಲೋಮೀಟರಿಗೂ ಮೇಲು. ನಡುವೆ ದಿವೆ ಘಾಟದ ಏರು. ಪ್ರಾಯಶ್ಚಿತ್ತವೋ, ಕುತೂಹಲವೋ, ನನಗೇ ಸ್ಪಷ್ಟವಿರಲಿಲ್ಲ. ಮೊದಲೊಂದು ತಾಸು ಕೈಗಡಿಯಾರವನ್ನೂ ಕಿಲೋಮೀಟರ್ ಕಲ್ಲುಗಳನ್ನೂ ನೋಡುತ್ತ ನಡೆದೆ. ದಾರಿಯಲ್ಲಿ ಎಲ್ಲರೂ ಎಲ್ಲರನ್ನೂ “ಮಾವುಲಿ” ಎಂದೇ ಕರೆಯುತ್ತಾರೆ. ಮಾವುಲಿ ಎಂದರೆ ತಾಯಿ; ಜ್ಞಾನೇಶ್ವರರಿಗೂ ಅದೇ ಹೆಸರು, ಪಕ್ಕದಲ್ಲಿ ನಡೆಯುವ ಅಪರಿಚಿತನಿಗೂ ಅದೇ ಹೆಸರು. ಒಂದು ಕಡೆ ನೀರು ಕುಡಿಯಲು ನಿಂತಾಗ, ನಮ್ಮ ಅಪ್ಪನ ವಯಸ್ಸಿನ ರೈತನೊಬ್ಬ ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ವಾರಕರಿಗಳಲ್ಲಿ ಒಬ್ಬರ ಕಾಲನ್ನೊಬ್ಬರು ಮುಟ್ಟುವುದು ಪದ್ಧತಿ. ವಯಸ್ಸು ನೋಡುವುದಿಲ್ಲ, ಜಾತಿ ಕೇಳುವುದಿಲ್ಲ. ಮರುಕ್ಷಣ ನಾನೂ ಬಗ್ಗಬೇಕಾಗಿತ್ತು. ಬಗ್ಗಿದೆ, ಆದರೆ ಒಂದು ಗಳಿಗೆ ತಡೆದು ಬಗ್ಗಿದೆ. ಅಂಥ ರೈತರು ಕೌಂಟರಿನ ಆಚೆ ನಿಂತು ನನಗೆ ಕೈಮುಗಿಯುವುದನ್ನು ವರ್ಷಾನುಗಟ್ಟಲೆ ಕಂಡವನಲ್ಲವೇ ನಾನು! ಬೆನ್ನು ಅಷ್ಟು ಬೇಗ ಬಾಗಲಿಲ್ಲ. ಆ ಒಂದು ಗಳಿಗೆಯ ನಾಚಿಕೆಯನ್ನು ನಾನಿನ್ನೂ ಮರೆತಿಲ್ಲ.

ಈ ಸಮಾನತೆ ಯಾತ್ರೆಗೆ ತಾನಾಗಿ ಬಂದುದಲ್ಲವೆಂಬುದನ್ನೂ ಹೇಳಬೇಕು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು ತಾವೇ ಈ ದಾರಿಯನ್ನು ನಡೆದು ಬರೆದ ಲೇಖನ 1962ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಒಟ್ಟಿಗೆ ನಡೆದು ಒಟ್ಟಿಗೆ ಹಾಡುವವರು ಊಟಕ್ಕೆ ಮಾತ್ರ ಜಾತಿಯಂತೆ ಬೇರೆಬೇರೆ ಕೂಡುವುದನ್ನು ಕಂಡು ಅವರು ನೊಂದುಕೊಂಡಿದ್ದರು. ಮಹಾರ ಕುಲದ ಸಂತ ಚೋಖಾಮೇಳನಿಗೆ ಗುಡಿಯೊಳಗೆ ಪ್ರವೇಶ ಸಿಗಲಿಲ್ಲ. ಅವನ ಸಮಾಧಿ ಇಂದಿಗೂ ಮಹಾದ್ವಾರದ ಹೊರಗಿದೆ. ಪಂಢರಪುರದ ಬಾಗಿಲು ಹರಿಜನರಿಗೆ ತೆರೆಯಲೆಂದು ಸಾನೆ ಗುರೂಜಿಯವರು 1947ರ ಮೇ ತಿಂಗಳಲ್ಲಿ ಉಪವಾಸ ಕೂಡಬೇಕಾಯಿತು. ಆದುದರಿಂದ ಹಂಬಲವಿದ್ದವರೆಲ್ಲರಿಗೂ ಹೋಗಲು ದಾರಿಯಿತ್ತೆಂದು ತಿಳಿಯಬಾರದು. ಕೆಲವರನ್ನು ಬಾಗಿಲಲ್ಲಿ ತಡೆದರು. ಕೆಲವರನ್ನು ಒಲೆಯ ಮುಂದೆಯೇ ತಡೆದರು.

ಘಾಟದ ಮೇಲೆ ಹತ್ತಿ, ನೆರಳಿನಲ್ಲಿ ಕುಳಿತು ಚೀಲ ಬಿಚ್ಚಿದೆ. ಅರಿವೆಯಲ್ಲಿ ಸುತ್ತಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಬೆಳಿಗ್ಗೆ ಅವ್ವ ಕೈಗಿತ್ತಾಗ ಸುಮ್ಮನೆ ಇಸಿದುಕೊಂಡಿದ್ದೆ. ಆಗ ನನಗೆ ತಿಳಿಯಿತು: ಅಪ್ಪನನ್ನು ಅಷ್ಟು ವರ್ಷ ಕಳಿಸಿದವಳು ಈಗ ಮಗನನ್ನೂ ಕಳಿಸಿದ್ದಾಳೆ. ಹೋಗಬೇಕೆಂದು ಹಂಬಲಿಸಿದವಳು ಅವಳು, ಹೋಗುತ್ತಿರುವವನು ನಾನು, ಬುತ್ತಿ ಕಟ್ಟಿದವಳು ಮತ್ತೆ ಅವಳೇ.

ಪಕ್ಕದಲ್ಲಿ ಕುಳಿತಿದ್ದ ಹೆಂಗಸರ ಮಾತು ಕಿವಿಗೆ ಬಿತ್ತು, ಕನ್ನಡ! ಅಫಜಲಪುರದ ಕಡೆಯವರು. ರೊಟ್ಟಿ ಹಂಚಿಕೊಂಡೆವು. ಅವರಲ್ಲಿ ಹಿರಿಯಳನ್ನು, “ಹಿಂದ ಬಂದಾಗ ದರ್ಶನ ಛಲೋ ಆಗಿತ್ತೇನ್ರಿ?” ಎಂದು ಕೇಳಿದೆ. “ಎಲ್ಲೀ ದರ್ಶನರೀ! ಆ ಗದ್ದಲದಾಗ ಒಳಗ ಹೋಗೂದು ಆಗತದ? ಕಳಸ ಕಂಡಿತು, ನಾಮದೇವನ ಮೆಟ್ಟಿಲಿಗೆ ಹಣಿ ಹಚ್ಚಿ ಬಂದ್ವಿ” ಎಂದಳು. ಅಷ್ಟು ದಿನ ನಡೆದು ಕಳಸಕ್ಕೆ ಕೈಮುಗಿದು ತಿರುಗುವವರು ಆಕೆಯೊಬ್ಬಳೇ ಅಲ್ಲ. ವಾರಕರಿಗಳಲ್ಲಿ ಅದು ವಾಡಿಕೆಯೇ. ಅವಳ ಮುಖದಲ್ಲಿ ಕೊರತೆಯೇನೂ ಕಾಣಲಿಲ್ಲ. ದೇವರ ಪಾದಕ್ಕೆ ತಲೆ ಮುಟ್ಟಿಸಿಯೂ ನಮ್ಮ ಅವ್ವನಿಗೆ ಸಿಗದ ತೃಪ್ತಿ ಈಕೆಗೆ ಕಳಸ ಕಂಡು ಸಿಕ್ಕಿತ್ತು.

ಸೋದರ ಸೋದರಿಯರೇ, ಯಾತ್ರೆಯ ಹಂಬಲವೆಂದರೆ ಏನೆಂದು ನನಗೆ ಅಲ್ಲಿ ಹೊಳೆಯಿತು. ಅದು ದೇವರನ್ನು ನೋಡುವ ಆಸೆ ಮಾತ್ರವಲ್ಲ. ದೇವರು ಮನೆಯ ಮೂಲೆಯಲ್ಲಿಯೂ ಇದ್ದಾನೆ. ಎಮ್ಮೆ, ಒಲೆ, ಸಾಲ, ಸಂಬಳ, ಇವುಗಳಿಂದ ಕೆಲವು ದಿನ ಬಿಡಿಸಿಕೊಂಡು, ಯಾರ ತಾಯಿಯೂ ಯಾರ ಹೆಂಡತಿಯೂ ಯಾರ ಗುಮಾಸ್ತನೂ ಆಗದೆ, ಒಂದೇ ಹೆಸರಿನಿಂದ ಕರೆಸಿಕೊಳ್ಳುವ ಜನರ ನಡುವೆ ತನ್ನ ಕಾಲಮೇಲೆ ತಾನು ನಡೆಯಬೇಕೆಂಬ ಆಸೆ ಅದು. ಅದಕ್ಕಾಗಿಯೇ ಕಾರು ಅದನ್ನು ತೀರಿಸಲಾರದು.

ಶರಣರ ಪರಂಪರೆಯ ಹಿರಿಯರು ಇಲ್ಲಿದ್ದೀರಿ. ದೇಹವೇ ದೇಗುಲವಾಗಿರುವಾಗ ಊರೂರು ತಿರುಗುವುದೇಕೆ ಎಂದು ತಾವು ಕೇಳಬಹುದು. ಪಂಢರಪುರದ ನೆರೆಯ ಮಂಗಳವೇಡೆಯಲ್ಲಿಯೇ ಬಸವಣ್ಣನವರು ಬಿಜ್ಜಳನ ಕರಣಿಕರಾಗಿದ್ದರು. ಲೆಕ್ಕದ ಕೆಲಸದವರೆಂದು ನಮಗೆ ಅವರ ಮೇಲೆ ವಿಶೇಷ ಅಭಿಮಾನ! ಅವರು ಕ್ಷೇತ್ರಗಳಿಗಿಂತ ನಡೆಯುವ ಜಂಗಮವನ್ನು ದೊಡ್ಡದೆಂದರು. ಆ ಮಾತು ನಿಜ. ಆದರೆ ಉಡುತಡಿಯ ಅಕ್ಕಮಹಾದೇವಿ ಮನೆ ಬಿಟ್ಟು ಕಲ್ಯಾಣಕ್ಕೂ, ಅಲ್ಲಿಂದ ಶ್ರೀಶೈಲಕ್ಕೂ ನಡೆದಳಲ್ಲ! ಅವಳನ್ನು ಹೊರಡಿಸಿದ್ದು ಈ ಹಂಬಲವಲ್ಲದೆ ಮತ್ತೇನು? ಪಂಢರಪುರದ ಪುಂಡಲೀಕನ ಕಥೆಯೂ ಇದಕ್ಕೆ ವಿರೋಧವಲ್ಲ. ಕಾಶಿಗೆ ಹೋಗುವ ಉತ್ಸಾಹದಲ್ಲಿ ತಂದೆತಾಯಿಗಳನ್ನು ಲಕ್ಷಿಸದವನು, ದಾರಿಯಲ್ಲಿ ಬುದ್ಧಿ ಬಂದು ಅವರ ಸೇವೆಗೆ ನಿಂತ. ದೇವರೇ ಬಂದಾಗ ಇಟ್ಟಿಗೆಯೊಂದನ್ನು ಎಸೆದು, ಅದರ ಮೇಲೆ ಕಾದಿರೆಂದ. ವಿಠಲ ಇಂದಿಗೂ ಕಾಯುತ್ತ ನಿಂತಿದ್ದಾನೆ. ದೇವರಿಗೆ ಕಾಯುವ ತಾಳ್ಮೆಯುಂಟು. ನಮ್ಮ ತಾಯಂದಿರ ಮೊಣಕಾಲಿಗೆ ಇಲ್ಲ.

ಮುಗಿಸುವ ಮುಂಚೆ ಇನ್ನೊಂದು ಸಂಗತಿ. 2025ರ ಜೂನಿನಲ್ಲಿ ಪಲ್ಲಕ್ಕಿ ಹಡಪಸರಕ್ಕೆ ಬಂದದ್ದು ಭಾನುವಾರ. ಅವ್ವ ಕೋಲು ಹಿಡಿದು ಹೊರಟಳು. ನಾನು ಬುತ್ತಿಯ ಚೀಲ ಹಿಡಿದು ಹಿಂದೆ ನಡೆದೆ. ಒಂದು ದಿಂಡಿಯ ಹೆಂಗಸರು ಅವಳನ್ನು ನಡುವೆ ಸೇರಿಸಿಕೊಂಡರು. ಒಬ್ಬಳು ತೋಳು ಹಿಡಿದಳು. ನಮ್ಮ ಓಣಿಯ ಬಾಯಿಯಿಂದ ಮುಂದಿನ ತಿರುವಿನವರೆಗೆ ನಡೆದು, ಅಲ್ಲಿಯ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಮುಂದೆ ಹೋಗುವವರಿಗೆಲ್ಲ ಕೈಮುಗಿದಳು. ಎಷ್ಟು ಹೆಜ್ಜೆಯೆಂದು ನಾನು ಎಣಿಸಲಿಲ್ಲ. ಮನೆಗೆ ಬಂದಮೇಲೆ, “ಇವತ್ತ ಹ್ವಾದಂಗ ಆತು, ತಮ್ಮಾ” ಎಂದಳು.

ಕಥೆಯನ್ನು ಇಲ್ಲಿಗೇ ಮುಗಿಸಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಲೆಕ್ಕ ತಾಳೆಯಾಗುವುದಿಲ್ಲ. ಅಂದಿನ ಬುತ್ತಿಯ ರೊಟ್ಟಿ ಬಡಿದವಳು ನನ್ನ ಹೆಂಡತಿ. ಅವಳು ಮಕ್ಕಳೊಡನೆ ಮನೆಯಲ್ಲಿ ಉಳಿದಿದ್ದಳು. ಸಂಜೆ ಅವ್ವನನ್ನು ಕೂಡಿಸಿಕೊಂಡು, ದಾರಿಯಲ್ಲಿ ಏನಾಯಿತು, ಯಾರು ಸಿಕ್ಕರು ಎಂದು ಬಿಡದೆ ಕೇಳುತ್ತಿದ್ದಳು. ಆ ಪ್ರಶ್ನೆಗಳನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ.

ಆದುದರಿಂದ ಸಂಘದ ಮುಂದೆ ಒಂದು ಸೂಚನೆಯನ್ನಿಡುತ್ತೇನೆ. ಮುಂದಿನ ಸಲ ಪಲ್ಲಕ್ಕಿ ಪುಣೆಯಿಂದ ಹೊರಡುವ ದಿನ, ನಮ್ಮ ಮನೆಗಳ ಹೆಂಗಸರೂ ಹಿರಿಯರೂ ತಮ್ಮ ಶಕ್ತಿಯಿದ್ದಷ್ಟು ದೂರ ನಡೆಯಲಿ. ಯಾರಿಗೆ ಒಂದು ಫರ್ಲಾಂಗು ಸಾಕೋ ಅವರಿಗೆ ಒಂದು ಫರ್ಲಾಂಗು. ಯಾರಿಗೆ ಪಂಢರಪುರದವರೆಗೆ ಹೋಗುವ ಮನಸ್ಸಿದೆಯೋ ಅವರಿಗೆ ಪಂಢರಪುರ. ಹಡಪಸರದಲ್ಲಿ ಕನ್ನಡದ ವಾರಕರಿಗಳಿಗಾಗಿ ಒಂದು ಹೊತ್ತಿನ ಊಟದ ಏರ್ಪಾಡಾಗಲಿ. ಅಡಿಗೆ ಮಾಡುವುದು, ಬುತ್ತಿ ಕಟ್ಟುವುದು, ಮಕ್ಕಳನ್ನು ನೋಡಿಕೊಳ್ಳುವುದು ಗಂಡಸರ ಪಾಲಿಗೆ ಬರಲಿ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ. ರೊಟ್ಟಿ ಬಡಿಯಲು ಈಗಾಗಲೇ ಕಲಿಯುತ್ತಿದ್ದೇನೆ. ಇನ್ನೂ ದುಂಡಗೆ ಬಂದಿಲ್ಲ, ಅಷ್ಟು ಹೊತ್ತಿಗೆ ಬಂದೀತು.